ಮಾಸ್ತರ ಕಾರಿನ ಸ್ಪ್ರಿಂಗು

ಕೊಟ್ಟೂರಿನಲ್ಲಿ ನನ್ನ ಗ್ಯಾರೇಜಿತ್ತು. ಮೊಬೈಲು ಹೊಸದಾಗಿ ಬಂದ ಕಾಲ. ಉಜ್ಜಿನಿ ಕಡೆಯ ಮಾಸ್ತರೊಬ್ಬರು ಹೆಂಡತಿಯೊಂದಿಗೆ ಬಂದು, ತಮ್ಮ ಸಣ್ಣ ಕಾರಿನ ಎತ್ತರ ತಗ್ಗಿಸುವ ಸ್ಪ್ರಿಂಗು ಹಾಕಿಕೊಡಿ ಅಂದರು. ಈ ವಯಸ್ಸಿನಲ್ಲಿ ಹುಡುಗರ ಷೋಕಿ ಯಾಕೆ ಅಂದುಕೊಂಡೆ.

"ತಿರುವಿನ್ಯಾಗ ಗಾಡಿ ವಾಲ್ತೈತಿ, ತಗ್ಗಿಸಿದ್ರ ಕಡಿಮಿ ಆಕ್ಕೈತಂತ. ನಮ್ಮಾಕಿ ಅಂಜಿ ಕುಂದ್ರೋದ ಬಿಟ್ಟಾಳ, ಇವತ್ತೂ ಬಸ್ಸಿಗೆ ಬಂದಾಳ," ಅಂದರು.

"ಎರಡು ಇಂಚು ತಗ್ಗಿಸಿದ್ರ ನಮ್ಮ ರೋಡಿನ ಹಂಪ್ಸಿಗೆ ಹೊಟ್ಟಿ ಬಡಿತೈತ್ರಿ. ಒಂದು ಇಂಚಿಂದು ಹಾಕೋಣು," ಎಂದು ಖಡಾಖಂಡಿತವಾಗಿ ಹೇಳಿದೆ. ಬಿಚ್ಚುವ ಮೊದಲು ಎಷ್ಟು ವಾಲುತ್ತದೆ ನೋಡೋಣವೆಂದು ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಕೂಡ್ಲಿಗಿ ರಸ್ತೆಯಲ್ಲಿ ನಾನೇ ಓಡಿಸಿದೆ. ತಿರುವುಗಳು ಬಂದವು, ಹೋದವು. ಆಕೆ ಶೇಂಗಾ ಹೊಲ ನೋಡುತ್ತಾ ಆರಾಮಾಗಿ ಮಾತಾಡುತ್ತಿದ್ದರು.

ಇಳಿದ ಮೇಲೆ ಗಂಡನಿಗೆ, "ಗಾಡಿ ಚಲೋ ಐತಲ್ರಿ," ಅಂದರು. ಮಾಸ್ತರು ನೆಲ ನೋಡಿದರು. ಸ್ಪ್ರಿಂಗು ಬಿಚ್ಚಲು ತೆಗೆದಿಟ್ಟಿದ್ದ ಪಾನಾಗಳನ್ನು ನಾನು ಮತ್ತೆ ಡಬ್ಬಿಗೆ ಹಾಕಿದೆ.

ಆಕೆ ನನ್ನ ಕಡೆ ತಿರುಗಿ, "ನನಗ ಓಡ್ಸಾಕ ಕಲಸ್ತೀಯೇನಪ್ಪಾ?" ಎಂದು ಕೇಳಿದರು.

ಎರಡೇ ತಿಂಗಳಲ್ಲಿ ಕಲಿತರು. ಆಮೇಲೆ ಅವರ ಕಾರು ಗ್ಯಾರೇಜಿನ ಮುಂದೆ ಹಾದುಹೋಗುವಾಗಲೆಲ್ಲ ಮಾಸ್ತರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಿದ್ದೆಯೋ, ಅಂಜಿಕೆಯೋ, ನಾನು ಕೇಳಲಿಲ್ಲ.