ರಟ್ಟಿನ ಮಾವನ ಕೆಂಪು ಕಾರ್ಡು

ನಾವು ಒಂಬತ್ತು ಮನೆಯವರು ಸೇರಿ ಕಟ್ಟಿಸಿಕೊಂಡ ಮೂರು ಮಹಡಿಯ ಕಟ್ಟಡ ನಮ್ಮದು. ಅಂಗಳ ಒಂದೇ, ದೊಡ್ಡ ಅಡುಗೆಮನೆ ಒಂದೇ, ಬಟ್ಟೆ ಒಣಹಾಕುವ ತಂತಿಯೂ ಒಂದೇ. ಎಲ್ಲರೂ ಒಪ್ಪದೆ ಇಲ್ಲಿ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತೇವೆ. ಆ ಜಂಬದ ಕಾಲಡಿ ಸಿಕ್ಕವರು ರಟ್ಟಿನ ಮಾವ. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಬೇರೆ ಯಾರೂ ಬರೆಯುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಾವ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ಕೈ ಎಷ್ಟು ಚುರುಕೋ ಮಾತು ಅಷ್ಟೇ ಉಗ್ಗು. ಒಂದೊಂದು ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಕತ್ತಿನ ನರ ಉಬ್ಬಿ ಬರುತ್ತಿತ್ತು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಏಕೆಂದರೆ ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಇದ್ದರು. ಅತ್ತೆಗೆ ಸೊಂಟದಿಂದ ಕೆಳಗೆ ಬಲವಿಲ್ಲ. ನೆಲಮಹಡಿಯ ಮನೆಯಲ್ಲಿ, ಅಂಗಳದ ಕಡೆಯ ಕಿಟಕಿಗೆ ಗಾಲಿಕುರ್ಚಿ ತಾಗಿಸಿಕೊಂಡು ಕೂತು, ಇಡೀ ಕಟ್ಟಡದ ತರಕಾರಿ ಹೆಚ್ಚುತ್ತಾ ಇಡೀ ಕಟ್ಟಡವನ್ನು ಬೈಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಭೆ. ಮಾವನ ಮಾತು ತಡವರಿಸಿದ ಕೂಡಲೇ ಕಿಟಕಿಯಿಂದ ಅತ್ತೆಯ ದನಿ ಬರುತ್ತಿತ್ತು. "ಅವರು ಹೇಳ್ತಿರೋದು ಇಷ್ಟೇ ಕಣ್ರೋ, ನಲ್ಲಿ ಸೋರ್ತಿದೆ, ಮೊದಲು ಅದನ್ನ ನೋಡಿ!" ಮಾವ ನಕ್ಕು ತಲೆಯಾಡಿಸಿದರೆ ಮುಗಿಯಿತು.

ನಮ್ಮ ಸಭೆಗಳು ಮಾತ್ರ ದರಿದ್ರವಾಗಿದ್ದವು. ಗೇಟಿಗೆ ಯಾವ ಬಣ್ಣ ಎಂದು ಹದಿನಾಲ್ಕು ಭಾನುವಾರ ಚರ್ಚಿಸಿದೆವು. ಅಷ್ಟರಲ್ಲಿ ಗೇಟು ತುಕ್ಕು ಹಿಡಿಯಿತು. ನಮ್ಮ ಕಟ್ಟಡದಲ್ಲೇ ನನ್ನ ಎದುರು ಮನೆಯ ನಿವೃತ್ತ ಮೇಷ್ಟ್ರು ಚರಂಡಿಯ ಮೇಲೆ ಐವತ್ತು ನಿಮಿಷ ಕೊರೆದದ್ದೂ ಉಂಟು. ಕಡೆಗೆ, ಗುಂಪಾಗಿ ತೀರ್ಮಾನ ಮಾಡುವುದನ್ನು ಕಲಿಸುವ ಒಬ್ಬ ತರಬೇತಿದಾರನನ್ನು ಕರೆಸಿದೆವು. ಇಸ್ತ್ರಿ ಮಾಡಿದ ಮನುಷ್ಯ. ಮುಖದ ನಗೆಗೂ ಇಸ್ತ್ರಿ.

ಅವನ ನಿಯಮದಂತೆ ಮನೆಗೆ ಮೂರು ಕಾರ್ಡು: ಹಸಿರು ಎಂದರೆ ಒಪ್ಪಿಗೆ, ಹಳದಿ ಎಂದರೆ ಅನುಮಾನ, ಕೆಂಪು ಎಂದರೆ ನಿಲ್ಲಿಸಿ. ಕೆಂಪು ಎತ್ತಿದವರು ಎರಡು ನಿಮಿಷದ ಮರಳುಗಡಿಯಾರ ಮುಗಿಯುವುದರೊಳಗೆ ತಮ್ಮ ಬಾಯಲ್ಲೇ ಕಾರಣ ಹೇಳಬೇಕು. ಹೇಳದಿದ್ದರೆ ಕಾರ್ಡು ರದ್ದು. ಗೋಡೆಗೆ ಚೀಟಿ ಅಂಟಿಸಿ ಜಗಳ ಹಚ್ಚುವವರು ನಮ್ಮಲ್ಲಿದ್ದರು, ಆದ್ದರಿಂದ ಚೀಟಿ ಬರೆದು ಕೊಡುವುದೂ ನಿಷೇಧ. ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡಕೂಡದು, ಅದು ಅಗೌರವ. ಅಂಗಳದಲ್ಲಿ ಗಲಾಟೆ, ಹಾಗಾಗಿ ಸಭೆ ಮೂರನೇ ಮಹಡಿಯ ಖಾಲಿ ಮನೆಗೆ ಹೋಯಿತು.

ಎಲ್ಲದಕ್ಕೂ ಒಪ್ಪಿದೆವು. ಮೇಷ್ಟ್ರ ಬಾಯಿಗೆ ಬೀಗ ಬೀಳುತ್ತದೆಂದು ಮಾವ ಎಲ್ಲರಿಗಿಂತ ಮೊದಲು ಕೈಯೆತ್ತಿದರು. ಕಾರ್ಡುಗಳನ್ನು ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ, ಮೂಲೆ ಗುಂಡಗೆ ಮಾಡಿ ಕೊಟ್ಟವರೂ ಅವರೇ. ಮರಳುಗಡಿಯಾರಕ್ಕೆ ಒಂದು ಚೆಂದದ ಪೆಟ್ಟಿಗೆಯನ್ನೂ ಮಾಡಿದರು. ಅದನ್ನು ತಿರುಗಿಸುವ ಕೆಲಸ ನನಗೆ ಬಂತು. ಔಷಧಿ ಅಂಗಡಿಯವಳು, ಅಳತೆ ತಪ್ಪುವುದಿಲ್ಲ ಎಂದು.

ಎರಡು ತಿಂಗಳಿಗೆ ಮೇಷ್ಟ್ರು ವಿಷಯ ತಂದರು. ವಯಸ್ಸಾದವರಿಗೆ ಸಭೆಗೆ ಮೂರು ಮಹಡಿ ಹತ್ತುವುದು ಕಷ್ಟ. ನೆಲಮಹಡಿಯ ಮಾವನ ಮನೆಯೇ ಸಭಾಮನೆಯಾಗಲಿ, ಮಾವ ಮತ್ತು ಅತ್ತೆ ಈ ಖಾಲಿ ಮನೆಗೆ ಬರಲಿ, ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ. "ಅತ್ತಿಗೇನ ಯಾವಾಗ ಬೇಕಾದ್ರೂ ನಾಲ್ಕು ಜನ ಎತ್ಕೊಂಡು ಇಳಿಸ್ತೀವಲ್ಲ, ನಾವೇನು ಹೊರಗಿನವರಾ?" ಎಂದರು.

ಎಂಟು ಹಸಿರು ಎದ್ದವು. ಅದರಲ್ಲೊಂದು ನನ್ನದು. ಮೊಣಕಾಲು ನೋವು ನನಗೂ ಇದೆ.

ಮಾವ ಕೆಂಪು ಎತ್ತಿ ನಿಂತರು. ನಾನು ಗಡಿಯಾರ ತಿರುಗಿಸಿದೆ.

"ಮೆ… ಮೆ… ಮೆ…"

ಆ ಪದ ಯಾವುದೆಂದು ಮೇಜಿನ ಸುತ್ತ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇಡೀ ವಾಕ್ಯವೇ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ, ಮಾತು ಪೂರ್ತಿ ಮಾಡುವುದು ಅಗೌರವ ತಾನೆ? ಎಲ್ಲರೂ ಮುಖದಲ್ಲಿ ಗೌರವ ತುಂಬಿಕೊಂಡು ಕಾದೆವು. ಮಾವನ ಕತ್ತು ಕೆಂಪಾಯಿತು, ಎಂಜಲು ಮೇಜಿನ ಮೇಲೆ ಹಾರಿತು. ಅಡುಗೆಮನೆಯ ಉಸ್ತುವಾರಿಯಾಕೆ ಅದನ್ನು ಸೆರಗಿನಿಂದ ಮೆತ್ತಗೆ ಒರೆಸಿದಳು. ಕೆಳಗೆ ಕಿಟಕಿಯಲ್ಲಿ ಅತ್ತೆ ಯಾರನ್ನೋ ಬೈಯುತ್ತಿದ್ದದ್ದು ಕೇಳುತ್ತಿತ್ತು. ಇಲ್ಲಿ ಏನು ನಡೆಯುತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಮರಳು ಮುಗಿಯಿತು. "ಟೈಮಾಯ್ತು ಮಾವ," ಎಂದೆ. ನನ್ನ ದನಿ ತುಂಬ ಮೃದುವಾಗಿತ್ತು. ಈಗ ನೆನೆದರೆ ಆ ಮೃದುತನಕ್ಕೇ ಹೇಸಿಗೆಯಾಗುತ್ತದೆ.

ಇಡೀ ತೀರ್ಮಾನಕ್ಕೆ ಹಿಡಿದದ್ದು ಹನ್ನೊಂದು ನಿಮಿಷ. ಚಪ್ಪಾಳೆ ತಟ್ಟಿದೆವು.

ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ಹತ್ತಿಸುವಾಗ ಅವರು ಯಾರನ್ನೂ ಬೈಯಲಿಲ್ಲ. ಗಂಡನ ಕಡೆ ತಿರುಗಿ, "ಒಂದು ಮಾತು ಆಡಕ್ಕಾಗ್ಲಿಲ್ವಾ ನಿಮಗೆ?" ಎಂದರು, ಅಷ್ಟೆ. ಮೇಲಿನ ಮನೆಯ ಕಿಟಕಿ ಅಂಗಳಕ್ಕಲ್ಲ, ಹಿಂಬದಿಗೆ ತೆರೆಯುತ್ತದೆ. ತರಕಾರಿಯನ್ನು ಅಷ್ಟು ಮೇಲೆ ಒಯ್ಯುವವರಿಲ್ಲದೆ ಈಗ ಅಡುಗೆಮನೆಯಲ್ಲೇ ಹೆಚ್ಚುತ್ತಾರೆ. ಎತ್ತಿ ಇಳಿಸುವ ಆ ನಾಲ್ವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ವಿಷಯಗಳ ಪಟ್ಟಿಯಲ್ಲಿ ಅದು ಏಳನೆಯದು.

ಮುಂದಿನ ತಿಂಗಳು ಹೊಸ ಸಭಾಮನೆಯ ಮೊದಲ ಸಭೆ. ತರಬೇತಿದಾರನೂ ಬಂದಿದ್ದ. ಮೇಷ್ಟ್ರು ನಮ್ಮ ಪ್ರಗತಿಯನ್ನು ಬಣ್ಣಿಸಿದರು. ವಿರೋಧ ಮಾಡಿದವರಿಗೂ ಪೂರ್ತಿ ಎರಡು ನಿಮಿಷ ಕೊಟ್ಟೆವು, ನಡುವೆ ಒಬ್ಬರೂ ಬಾಯಿ ಹಾಕಲಿಲ್ಲ ಎಂದರು. ತರಬೇತಿದಾರ ಮಾವನ ಕಡೆ ತಿರುಗಿ ನಕ್ಕ. "ನೀವೂ ಏನಾದ್ರೂ ಹೇಳಿ ಸಾರ್."

ನಾನು ಗಡಿಯಾರ ತಿರುಗಿಸಿದೆ. ಮಾವ ನಿಂತರು. ಹೋದ ತಿಂಗಳವರೆಗೆ ಅತ್ತೆಯ ಕುರ್ಚಿ ಇರುತ್ತಿದ್ದ ಜಾಗವನ್ನು, ಅಲ್ಲಿನ ಕಿಟಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಹೇಳಿದರು.

"ಮೆಟ್ಟಿಲು ಹತ್ತಿದ್ರೆ ಅವಳು ಮತ್ತೆ ಇಳಿಯಲ್ಲ."

ಮೇಷ್ಟ್ರು ಕೆಮ್ಮಿದರು. "ಅದು ಹೋದ ತಿಂಗಳ ವಿಷಯ ಅಲ್ವಾ ಅಣ್ಣ, ಮುಗಿದಿದೆ. ಇವತ್ತಿಂದು ಹೊಸ ಕುರ್ಚಿ ಎಷ್ಟು ಬೇಕು ಅಂತ."

ಮಾವ ಹಸಿರು ಕಾರ್ಡು ಎತ್ತಿ ಕೂತರು.

ಗಡಿಯಾರದಲ್ಲಿ ಮರಳು ಅರ್ಧ ಉಳಿದಿತ್ತು. ನಾನು ಅದನ್ನು ಅಡ್ಡ ಮಲಗಿಸಿದೆ. ಮಲಗಿಸಿದರೆ ಮರಳು ನಿಲ್ಲುತ್ತದೆ. ಅದು ನನಗೆ ಮಾವ ಕೆಂಪು ಎತ್ತಿದ ದಿನವೂ ಗೊತ್ತಿತ್ತು.