ನೀಲಿಗಿಂತ ಕೆಳಗೆ

ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಮೈಯಲ್ಲೂ ಸಕ್ಕರೆ. ಈ ಮಾತು ಹೇಳಿ ನಗದವರು ನಮ್ಮ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ಮೊದಮೊದಲು ನಾನೂ ನಕ್ಕೆ. ಆಮೇಲೆ ಯಾರಾದರೂ ಆ ಮಾತಿಗೆ ಬಾಯಿ ತೆರೆದರೆ ಎದ್ದು ಹೊರಗೆ ಹೋಗತೊಡಗಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಯಬಾಗ ತಾಲೂಕಿನ ಆ ಕಾರ್ಖಾನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಅದರ ಬೆನ್ನಿಗೇ ನಾನೂ ಬಂದಿದ್ದೆ. ಯಾವ ರೈತನ ಕಬ್ಬನ್ನು ಯಾವಾಗ ಕಡಿಯಬೇಕು ಎಂಬ ಸರದಿಯನ್ನು ಪ್ರೋಗ್ರಾಮ್ ಬರೆದು ತೆಗೆಯುವುದು ನನ್ನ ಕೆಲಸ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಇದ್ದಕ್ಕಿದ್ದಂತೆ ಮೈ ಇಳಿಯಿತು, ಎಷ್ಟು ನೀರು ಕುಡಿದರೂ ಗಂಟಲು ಆರುತ್ತಿತ್ತು. ಚಿಕ್ಕೋಡಿಯ ಡಾಕ್ಟರು ನೋಡಿ, ಇದು ಮಾತ್ರೆಗೆ ಬಗ್ಗುವ ಸಕ್ಕರೆಯಲ್ಲ, ಜೀವ ಇರುವವರೆಗೆ ದಿನವೂ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು ಎಂದರು. ಜೊತೆಗೆ ದಿನಾಲೂ ಒಂದಿಷ್ಟು ನಡೆಯಿರಿ ಎಂದೂ ಹೇಳಿದರು.

ಅವರು ನಡೆಯಲು ಹೇಳಿದರು, ನಾನು ಓಡಿದೆ. ನನಗೆ ಯಾವುದನ್ನೂ ಅರ್ಧಕ್ಕೆ ಮಾಡಿ ಗೊತ್ತಿಲ್ಲ. ಓಡಿ ಓಡಿ ಆ ಸೂಜಿಯನ್ನೇ ಬಿಡಿಸಿಬಿಡುತ್ತೇನೆ ಎಂದು ಹಟ ಹಿಡಿದೆ. ಡಾಕ್ಟರು ಅದು ಆಗದ ಮಾತು ಎಂದಿದ್ದರು. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಪಿತ್ತ ತಲೆಗೆ ಏರುತ್ತದೆ.

ನಿಪ್ಪಾಣಿಗೆ ಹೋಗಿ ಕ್ಯಾನ್ವಾಸ್ ಬೂಟು ತಂದೆ. ಕ್ವಾರ್ಟರ್ಸಿನಿಂದ ಹೊರಟು ಕಾಲುವೆಯ ಮಣ್ಣಿನ ದಾರಿ ಹಿಡಿದು ಪಾಲಬಾವಿಯ ಕಡೆಗೆ ಓಡುವುದು, ಸೇತುವೆ ಮುಟ್ಟಿ ತಿರುಗುವುದು. ಎರಡೂ ಕಡೆ ಕಬ್ಬು. ಬೆಳಗ್ಗೆ ಚಡ್ಡಿ ಹಾಕಿಕೊಂಡು ಓಡುವ ಗಂಡಸನ್ನು ಆ ದಾರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಬಸ್ಸು ತಪ್ಪಿತೇನ್ರಿ ಎಂದು ಒಬ್ಬರು ಕೇಳಿದರೆ, ಯಾರು ಬೆನ್ನು ಹತ್ತ್ಯಾರ್ರಿ ಎಂದು ಇನ್ನೊಬ್ಬರು ಕೇಳುತ್ತಿದ್ದರು. ಎತ್ತು ಬೆದರುತ್ತಾವ, ಬಂಡಿ ಬಂದಾಗ ತುಸು ನಡೀರಿ ಎಂದು ಒಬ್ಬ ಮುದುಕ ಬೇಡಿಕೊಂಡ. ಅವನ ಮಾತಿಗೆ ಮಾತ್ರ ಒಪ್ಪಿದೆ.

ಆಫೀಸಿನ ಕೆಲಸ ಮುಗಿದ ಮೇಲೆ ಸಂಜೆ ನನ್ನದೇ ಒಂದು ಪ್ರೋಗ್ರಾಮ್ ಬರೆಯುತ್ತ ಕೂರುತ್ತಿದ್ದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತಿತ್ತು, ಹಾಗಾಗಿ ಕಂಪ್ಯೂಟರ್ ನಡುವೆ ಆರಿಹೋಗುವ ಭಯವಿರಲಿಲ್ಲ. ಆಗ ಮನೆಯಲ್ಲಿ ರಕ್ತ ನೋಡುವ ಯಂತ್ರ ನಮ್ಮಂಥವರ ಕೈಗೆ ಬಂದಿರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹೆಚ್ಚಾದರೆ ಹಳದಿ, ಕೈ ಮೀರಿದರೆ ಇಟ್ಟಿಗೆ ಕೆಂಪು. ನನ್ನ ಪ್ರೋಗ್ರಾಮಿನಲ್ಲಿ ನೀಲಿ ಎಂದರೆ ಸೊನ್ನೆ, ಅಲ್ಲಿಂದ ಮೇಲಕ್ಕೆ ಎಣಿಕೆ. ಹಿಂದಿನ ದಿನ ಏನು ತಿಂದೆ, ಎಷ್ಟು ಓಡಿದೆ, ಎಷ್ಟು ಇನ್ಸುಲಿನ್ ಚುಚ್ಚಿಕೊಂಡೆ, ಬೆಳಗಿನ ಬಣ್ಣ ಯಾವುದು, ಇಷ್ಟನ್ನು ತುಂಬಿದರೆ ಅದು ನಾಳೆಯ ಊಟವನ್ನೂ ಓಟವನ್ನೂ ಹೇಳುತ್ತಿತ್ತು. ನೀಲಿ ಎಂದು ತುಂಬಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಶಾಬಾಸ್ ಎಂದು ಬರುತ್ತಿತ್ತು. ನಾನೇ ಬರೆದ ಶಾಬಾಸ್‌ಗೆ ನಾನೇ ಹಿಗ್ಗುತ್ತಿದ್ದೆ.

ನನ್ನ ಹೆಂಡತಿ ಶೇಡಬಾಳದವಳು, ಹೆಚ್ಚು ಮಾತಿನವಳಲ್ಲ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ನೀರಿನ ಗಡಿಗೆಯಲ್ಲಿಟ್ಟು ತಂಪು ಕಾಯುವ ಕೆಲಸ ಅವಳದು. ನಾನು ಹೇಳಿದೆನೆಂದು ಮನೆಯಲ್ಲಿದ್ದ ಸಕ್ಕರೆ ಬೆಲ್ಲವನ್ನೆಲ್ಲ ನೆರೆಮನೆಗೆ ಕೊಟ್ಟು, ತಾನೂ ಸಪ್ಪೆ ಚಹಾ ಕುಡಿಯುತ್ತಿದ್ದಳು. ಒಂದು ದಿನ ಮಾತ್ರ ಅವಳು, "ನೀಲಿ ಬಂದ ದಿನಾನ ನಿಮ್ಮ ಸಿಟ್ಟು ಹೆಚ್ಚಿರ್ತೈತಿ, ಕೈ ನಡಗತಾವ. ನಿಮ್ಮ ಕಂಪ್ಯೂಟರಿಗೆ ಅದನ್ನೂ ಹೇಳ್ರಿ" ಎಂದಳು. ಸಿಟ್ಟನ್ನು ಯಾವ ಸಂಖ್ಯೆಯಲ್ಲಿ ತುಂಬಲಿ ಎಂದು ಅವಳ ಮೇಲೆಯೇ ರೇಗಿದೆ. ಅಂದು ಕೂಡ ಬಣ್ಣ ನೀಲಿಯೇ ಇತ್ತು.

ಕಾಲುವೆ ದಾರಿಯ ನಡುವೆ ಒಂದು ಗಾಣವಿತ್ತು. ಕಬ್ಬು ಅರೆದು, ಹಾಲು ಕಾಸಿ, ಬೆಲ್ಲ ತೆಗೆಯುವ ಜಾಗ. ನಮ್ಮ ಕಡೆ ಕಬ್ಬಿನ ರಸಕ್ಕೆ ಹಾಲು ಎಂದೇ ಅನ್ನುತ್ತಾರೆ. ಗಾಣ ನಡೆಯುವಾಗ ಆ ದಾರಿಯಲ್ಲಿ ಹೋಗುವವನು ಪರಿಚಯದವನಿರಲಿ, ಪರವೂರಿನವನಿರಲಿ, ಹಾಲು ಕುಡಿಸದೆ, ಅಂಗೈಗೆ ಬಿಸಿ ಬೆಲ್ಲ ಹಾಕದೆ ಕಳಿಸುವುದಿಲ್ಲ. ಬೇಡ ಎಂದರೆ ಗಾಣದವರನ್ನೇ ಬೇಡ ಎಂದ ಹಾಗೆ. ನಾನು ಬೇಡ ಎಂದೆ. ಮೊದಲ ಚಳಿಗಾಲದಲ್ಲಿ ಗಾಣದ ಮಾಲೀಕರು ದಿನಾ ತಂಬಿಗೆ ಹಿಡಿದು ದಾರಿಗೆ ಬರುವುದು, ನಾನು ತಪ್ಪಿಸಿಕೊಂಡು ಓಡುವುದು. ಕಾರ್ಖಾನೆಯವನಾದ್ದರಿಂದ ಗಾಣದ ಮೇಲೆ ತಾತ್ಸಾರ ಎಂದು ಅವರು ಅಂದುಕೊಂಡರು. ಕೊನೆಗೆ ಒಂದು ದಿನ ನಿಂತು, ನನಗೆ ಸಕ್ಕರೆ ರೋಗವಿದೆ, ಇದು ನನಗೆ ವಿಷ, ನಾನೇ ಬಂದು ಬೇಡಿದರೂ ಕೊಡಬೇಡಿ ಎಂದು ಎಲ್ಲರೆದುರು ಗದರಿಸಿ ಹೇಳಿದೆ. ಮಾಲೀಕರು ಗಾಬರಿಯಾದರು. ಕೊಪ್ಪರಿಗೆ ಮುಂದಿದ್ದವನಿಂದ ಹಿಡಿದು ಕಬ್ಬು ಹೊರುವವರವರೆಗೆ ಎಲ್ಲರಿಗೂ ತಾಕೀತು ಮಾಡಿದರು. ಅಲ್ಲಿಂದ ಮುಂದೆ ನಾನು ಹಾದುಹೋಗುವಾಗ ಅವರು ತಂಬಿಗೆಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ಅದನ್ನು ಕಂಡು ನನಗೆ ಹೆಮ್ಮೆ.

ಮರುವರ್ಷದ ಚಳಿಗಾಲ, ಒಂದು ರವಿವಾರ. ಬೆಳಗ್ಗೆ ನೀಲಿ ಬಂತು. ಆ ವಾರದಲ್ಲಿ ಬೇರೆ ಬಣ್ಣವೇ ಬಂದಿರಲಿಲ್ಲ. ಹಿಂದಿನ ಸಂಜೆ ಪ್ರೋಗ್ರಾಮ್ ಹೇಳಿದ್ದಂತೆ ಅರ್ಧ ರೊಟ್ಟಿ ಮಾತ್ರ ತಿಂದೆ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಹೊರಟೆ. ಇನ್ನರ್ಧ ರೊಟ್ಟಿ ಹಿಡಿದು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಂದು ತಿನ್ನುತ್ತೇನೆ ಎಂದೆ.

ಹೋಗುವಾಗ ಕಾಲು ಹಗುರವಾಗಿದ್ದವು. ಸೇತುವೆ ಮುಟ್ಟಿದವನು ತಿರುಗಲಿಲ್ಲ, ಇವತ್ತು ಇನ್ನೂ ಓಡಬಲ್ಲೆ ಅನಿಸಿ ಮುಂದೆ ಹೋದೆ. ಮರಳುವಾಗ ಬೆವರು ಬಂತು, ತಣ್ಣನೆಯ ಬೆವರು. ಅಂಗೈ ನಡುಗಿತು. ದಣಿವು ಎಂದುಕೊಂಡೆ. ಆಮೇಲೆ ದಾರಿ ಉದ್ದವಾಯಿತು. ಕಬ್ಬಿನ ಗರಿಗಳು ಹತ್ತಿರ ಬಂದು ದೂರ ಹೋಗುತ್ತಿದ್ದವು. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂಬುದು ನೆನಪಾಗಲಿಲ್ಲ. ಹೊಗೆ ಕಂಡಿತು, ಬೆಲ್ಲದ ವಾಸನೆ ಬಂತು. ನನ್ನ ತಲೆಗೆ ತಿಳಿಯದಿದ್ದದ್ದು ಕಾಲಿಗೆ ತಿಳಿಯಿತೋ ಏನೋ, ಅವು ದಾರಿ ಬಿಟ್ಟು ಗಾಣದ ಕಡೆ ನಡೆದವು.

ಮುಂದಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಉಳಿದದ್ದನ್ನು ಅವರಿವರು ಹೇಳಿದ್ದಾರೆ. ಬೆಲ್ಲ ಸುರಿದು ಆರಿಸುವ ಕಟ್ಟೆಯ ಬಳಿ ಕುಸಿದು ಕೂತು ಕೈ ಚಾಚಿದೆ. ಬೆಲ್ಲ ಕಲಸುತ್ತಿದ್ದವನು ನನ್ನ ಮಣಿಕಟ್ಟು ಹಿಡಿದ. "ಬ್ಯಾಡ್ರಿ ಸಾಹೇಬ್ರ. ಬೇಡಿದ್ರೂ ಕೊಡಬ್ಯಾಡ್ರಿ ಅಂತ ನೀವ ಹೇಳೀರಲ್ಲ" ಎಂದ. ಕೊಡು ಎಂದು ಹೇಳಲು ಹೋದೆ, ನಾಲಿಗೆ ಹೊರಳಲಿಲ್ಲ. ಕಬ್ಬು ಹೊರುವವರು ನಕ್ಕರು. ಸಾಹೇಬರು ಬೆಳಗ್ಗೆಯೇ ಹಾಕ್ಕೊಂಡು ಬಂದಾರ ಎಂದರಂತೆ. ನಾನು ಮತ್ತೆ ಕೈ ಚಾಚಿದೆ, ಅವನು ಮತ್ತೆ ಹಿಡಿದ. ಎರಡನೇ ಸಲ ಬಿಗಿಯಾಗಿ ಹಿಡಿದದ್ದು ನನಗೆ ನೆನಪಿದೆ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಸಾಯಲು ಬಿಟ್ಟಿರಲಿಲ್ಲ. ಮಾಲೀಕರು ಓಡಿ ಬಂದು ಮುಖ ನೋಡಿ, ಮೊದಲು ಇವರನ್ನು ಮನೆ ಮುಟ್ಟಿಸೋಣ ಎಂದು ಮೋಟಾರ್ ಸೈಕಲ್ ತರಲು ಹೋದರು.

ಗಾಣಕ್ಕೆ ಅಂದು ಹೊಸಬರೆಂದರೆ ಒಬ್ಬರೇ, ಮಾಲೀಕರು ಆಯಿ ಎಂದು ಕರೆಯುವ ಅವರ ಮುದಿ ಚಿಕ್ಕಮ್ಮ. ಕೃಷ್ಣಾ ದಂಡೆಯ ಸತ್ತಿಯಿಂದ ಹಿಂದಿನ ದಿನ ಬಂದಿದ್ದರು. ಮಾಲೀಕರ ತಾಕೀತು ಅವರ ಕಿವಿಗೆ ಬಿದ್ದಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಗಾಣಕ್ಕೆ ಬಂದವನೊಬ್ಬ ಕೈ ಚಾಚುತ್ತಿದ್ದಾನೆ, ತಮ್ಮವರು ಅವನ ಕೈ ಹಿಡಿದು ಇಲ್ಲ ಎನ್ನುತ್ತಿದ್ದಾರೆ. ಅವರಿಗೆ ನಾಚಿಕೆಯಾಯಿತಂತೆ. ಸೀರೆ ಎತ್ತಿ ಕಟ್ಟಿ ಬಂದು, ನನ್ನ ತಲೆಯನ್ನು ತಮ್ಮ ಮಂಡಿಗೆ ಆನಿಸಿಕೊಂಡು, ತಂಬಿಗೆಯ ಹಾಲನ್ನು ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟರು. ಕಲಸುವವನು ಕೂಗಿಕೊಂಡ. ಅವರು ತಿರುಗಿಯೂ ನೋಡಲಿಲ್ಲ. "ನಮ್ಮ ಗಾಣಕ್ಕ ಬಂದಾಂವ ಬರಿ ಬಾಯಿಲೆ ಹೋಗಬೇಕೇನ?" ಎಂದರು.

ಮಾಲೀಕರು ಬಂದು ತಂಬಿಗೆ ಕಿತ್ತುಕೊಂಡಾಗ ಅದು ಬರಿದಾಗಿತ್ತು. ಆಯಿ, ನೀ ಏನ ಮಾಡಿದಿ, ಅವರಿಗೆ ಸಕ್ಕರೆ ಐತಿ ಎಂದು ಅವರು ತಲೆ ಹಿಡಿದು ಕೂತರು. ಗಾಣ ನಿಂತಿತು. ಕೊಪ್ಪರಿಗೆಯಲ್ಲಿ ಪಾಕ ತಳ ಹತ್ತತೊಡಗಿದರೂ ಯಾರೂ ಅತ್ತ ಹೋಗಲಿಲ್ಲ. ನಾನು ಸಾಯುವುದನ್ನು ಎಲ್ಲರೂ ಸುತ್ತ ನಿಂತು ಕಾದರು.

ನಾನು ಸಾಯಲಿಲ್ಲ. ಮಂಜು ಸರಿದ ಹಾಗೆ ಕಣ್ಣು ತಿಳಿಯಾಯಿತು. ಮೊದಲು ಕಂಡದ್ದು ಬೆಲ್ಲ ಅಂಟಿದ ಎರಡು ಮುದಿ ಕೈಗಳು, ಗಡಗಡ ನಡುಗುತ್ತಿದ್ದವು. ನನ್ನ ಕೈ ನಡುಕ ನಿಂತು ಅವರದು ಶುರುವಾಗಿತ್ತು. ಏನಾಯಿತು ಎಂದು ಕೇಳಿದೆ, ಸ್ಪಷ್ಟವಾಗಿಯೇ ಕೇಳಿದೆ. ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಚಿಕ್ಕೋಡಿಯ ಡಾಕ್ಟರು ಎಲ್ಲವನ್ನೂ ಕೇಳಿದರು. ಸಕ್ಕರೆ ಏರುವುದನ್ನಷ್ಟೇ ನೋಡಿದಿರಿ, ಇಳಿಯುವುದನ್ನು ನೋಡಲಿಲ್ಲ, ಸಿಟ್ಟು, ಕೈ ನಡುಕ, ತಣ್ಣನೆಯ ಬೆವರು ಅದರ ಗುರುತು ಎಂದರು. ತೊಡೆಗೆ ಚುಚ್ಚಿಕೊಂಡು ಅದೇ ತೊಡೆಯಿಂದ ಓಡಿದರೆ ಇನ್ಸುಲಿನ್ ಬೇಗ ರಕ್ತಕ್ಕೆ ಏರುತ್ತದೆ, ಅದರ ಮೇಲೆ ಅರ್ಧ ಹೊಟ್ಟೆ. ಆ ಹಾಲು ಸಿಗದಿದ್ದರೆ ಮಾತು ಬೇರೆಯೇ ಇತ್ತು. ನೀಲಿ ಬಂದಿತ್ತಲ್ಲ ಎಂದು ನಾನು ವಾದಿಸಿದೆ. ನೀಲಿ ಎಂದರೆ ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದಷ್ಟೇ, ರಕ್ತದಲ್ಲಿ ಎಷ್ಟು ಕೆಳಗೆ ಹೋಗಿದೆ ಎಂದು ಅದು ಹೇಳುವುದಿಲ್ಲ ಎಂದರು ಅವರು.

ಮರುದಿನ ಸಂಜೆ ಪ್ರೋಗ್ರಾಮ್ ತೆರೆದು ಕೂತೆ. ಸೊನ್ನೆಯಿಂದ ಮೇಲಕ್ಕೆ ಎಲ್ಲದಕ್ಕೂ ಜಾಗವಿತ್ತು. ಸೊನ್ನೆಯ ಕೆಳಗೆ ಏನೂ ಇರಲಿಲ್ಲ. ಒಳ್ಳೆಯ ನೀಲಿ, ಕೆಟ್ಟ ನೀಲಿ ಎರಡಕ್ಕೂ ಅದು ಒಂದೇ ಶಾಬಾಸ್ ಕೊಟ್ಟಿತ್ತು. ಆ ಎರಡನ್ನೂ ಬೇರೆ ಮಾಡಿ ಕಂಡವಳು ನನ್ನ ಹೆಂಡತಿ. ಅವಳ ಮಾತಿಗೆ ನಾನು ಜಾಗ ಇಟ್ಟಿರಲಿಲ್ಲ. ಹೆದರಿಕೆಯಾಯಿತು. ನಿಜ ಹೇಳುತ್ತೇನೆ, ಗಾಣದಲ್ಲಿ ಆಗದಿದ್ದ ಹೆದರಿಕೆ ಆ ಪರದೆಯ ಮುಂದೆ ಆಯಿತು.

ಹೆಂಡತಿಯನ್ನು ಕರೆದುಕೊಂಡು ಗಾಣಕ್ಕೆ ಹೋದೆ. ನನ್ನ ಜೀವ ಉಳಿಸಿದ್ದು ನೀವೇ ಎಂದು ಆಯಿಗೆ ಕೈ ಮುಗಿದೆ. ಅವರು ನಂಬಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ, ತಲೆಯಾಡಿಸಿದರು.

"ನನಗ ಸಮಾಧಾನ ಆಗಲಿ ಅಂತ ಹೇಳ್ತೀರಿ. ಇನ್ನ ನೀವು ಕಾಲಿಗೆ ಬಿದ್ರೂ ಕೊಡಂಗಿಲ್ಲ ಸಾಹೇಬ್ರ" ಎಂದರು.

ಕೊಡುವ ಕೈ ಅಲ್ಲಿ ಇದ್ದದ್ದು ಒಂದೇ, ಅದೂ ಮುಚ್ಚಿಕೊಂಡಿತು. ಇನ್ನೂ ವಾದ ಮಾಡುತ್ತಿದ್ದೆನೇನೋ, ಹೆಂಡತಿ ನನ್ನನ್ನು ಸರಿಸಿ ಆಯಿಯ ಮುಂದೆ ಕೂತಳು. "ಆಯಿ, ಇವರು ಬಾಯಿ ಬಿಟ್ಟು ಕೇಳಿದ್ರ ಕೊಡಬ್ಯಾಡ್ರಿ. ಮಾತು ಬರದಂಗಾದ್ರ ಕೊಡ್ರಿ. ಇಷ್ಟ ನೆನಪಿಡ್ರಿ" ಎಂದಳು. ಆಯಿ ಅದನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡು, ಆತು ಎಂದರು. ನಾನು ತಿಂಗಳುಗಟ್ಟಲೆ ಕೂತು ಬರೆದರೂ ಹೊಳೆಯದಿದ್ದ ಷರತ್ತು ಅದು.

ಓಡುವುದನ್ನು ಬಿಡಲಿಲ್ಲ. ಹೊಟ್ಟೆ ತುಂಬ ರೊಟ್ಟಿ ತಿಂದು ಓಡಿದೆ, ಕಿಸೆಯಲ್ಲಿ ಬೆಲ್ಲ ಇಟ್ಟುಕೊಂಡು ಓಡಿದೆ. ಸೂಜಿ ಬಿಡಿಸುವ ಹಟ ಬಿಟ್ಟೆ. ಗಾಣ ನಡೆಯುವಷ್ಟು ದಿನ, ನಾನು ದಾರಿಯಲ್ಲಿ ಕಂಡ ಕೂಡಲೇ ಆಯಿ ಎದ್ದು ನಿಂತು, "ಮಾತಾಡ್ರೀ ಸಾಹೇಬ್ರ" ಎಂದು ಕೂಗುತ್ತಿದ್ದರು. "ಅದೀನ್ರಿ ಆಯಿ" ಎಂದು, ಅಂದರೆ ಇದ್ದೇನೆ ಎಂದು, ನಾನು ಕೂಗಬೇಕು. ಕೂಗಿದರೆ ಅವರು ಮತ್ತೆ ಕೂರುತ್ತಿದ್ದರು. ಮರುವರ್ಷವೂ ಅವರು ಸತ್ತಿಯಿಂದ ಬಂದರು, ಅದರ ಮರುವರ್ಷವೂ ಬಂದರು.

ಒಂದು ಬೆಳಗ್ಗೆ ಎದುರುಗಾಳಿ. ಏದುಸಿರಿನಲ್ಲಿ ಮಾತು ಹೊರಡದೆ ಕೈ ಮಾತ್ರ ಎತ್ತಿ ಮುಂದೆ ಹೋದೆ. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದೆ. ಆ ವಯಸ್ಸಿನಲ್ಲಿ ಆಯಿ ಬರಿಗಾಲಲ್ಲಿ ಓಡಿ ಬರುತ್ತಿದ್ದರು, ತಲೆಯ ಮೇಲಿನ ಸೆರಗು ಜಾರಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಬಂದವರೇ ನನ್ನ ತೋಳು ಹಿಡಿದು ಬೆಲ್ಲದ ತುಂಡನ್ನು ತುಟಿಗೆ ಒತ್ತಿದರು.

"ಕೈ ಎತ್ತಿದ್ರ ಆಗಂಗಿಲ್ಲ" ಎಂದರು. "ಬಾಯಿ ಬಿಡ್ರಿ."

"ಅದೀನ್ರಿ ಆಯಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆ ಬೆಲ್ಲದ ತುಂಡನ್ನು ತಮ್ಮ ಬಾಯಿಗೆ ಹಾಕಿಕೊಂಡು ಗಾಣಕ್ಕೆ ತಿರುಗಿ ನಡೆದರು.