ಮುರುಗೇಶಪ್ಪನವರು ಕೀಸಿದ ಹಸೆಮಣೆ

ಮುರುಗೇಶಪ್ಪ ಅನ್ನುವ ಹೆಸರು ಚಿನ್ನಮ್ಮನ ಕಿವಿಗೆ ಮೊದಲು ಬಿದ್ದಿದ್ದು ಹೊಸಮನೆಯ ಬೀದಿ ನಲ್ಲಿಯ ಹತ್ತಿರ, ತೊಂಬತ್ತೆಂಟರ ಬೇಸಿಗೆಯಲ್ಲಿ. ಹಿಂದಿನ ಬೀದಿಗೆ ಹೊಸದಾಗಿ ಬಂದಿದ್ದ ಪುಷ್ಪಮ್ಮ ಕೊಡ ಇಳಿಸಿ ತಾನಾಗಿಯೇ ಗಂಡನ ಕಥೆ ಶುರುಮಾಡಿದಳು.

"ಭದ್ರಾವತಿ ಫ್ಯಾಕ್ಟರಿಯಿಂದ ರಿಟೈರ್ ಆದ್ರು ನಮ್ಮನೆ ಮುರುಗೇಶಪ್ಪ. ಸುಮ್ನೆ ಕೂತು ಉಣ್ಣಿ ಅಂದ್ರೆ ಹಿತ್ಲಲ್ಲಿ ಹಲಗೆ ಕೀಸೋ ಮಿಷನ್ ತಂದಿಟ್ಟಿದಾರೆ. ಸಕ್ರೆಬೈಲಿನ ಆನೆ ತಂದು ಕಟ್ಟಿದ್ರೂ ಇಷ್ಟು ಗಲಾಟೆ ಇರ್ತಿರ್ಲಿಲ್ಲ ಮಾರಾಯ್ತಿ!"

ಆ ಗಲಾಟೆಗೆ ಬೀದಿ ಬೇಗ ಹೊಂದಿಕೊಂಡಿತು. ಒರಟು ಹಲಗೆಯನ್ನು ಈ ಕಡೆ ತಳ್ಳಿದರೆ ಮಿಷನ್ನಿನ ರಬ್ಬರ್ ರೋಲರುಗಳು ಅದನ್ನು ಒಳಗೆ ಎಳೆದುಕೊಳ್ಳುತ್ತಿದ್ದವು. ಬ್ಲೇಡು ಕೀಸಿದ ಹಲಗೆ ಆ ಕಡೆ ನುಣುಪಾಗಿ ಹೊರಗೆ ಬರುತ್ತಿತ್ತು. ಮುರುಗೇಶಪ್ಪನವರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಕೆನ್ನೆಗೆ ಹಚ್ಚಿ ನೋಡಿ!" ಅನ್ನುತ್ತಿದ್ದರು.

ಆ ವರ್ಷ ಕಾರ್ತಿಕದಲ್ಲಿ ಚಿನ್ನಮ್ಮನ ಮಗಳು ಮಧುಶ್ರೀಯ ಮದುವೆ. ತೀರಿಹೋದ ಗಂಡ ಮಗಳ ಹಸೆಮಣೆಗೆಂದೇ ಒಂದು ಹಲಸಿನ ಹಲಗೆಯನ್ನು ಅಟ್ಟದ ಮೇಲೆ ಇಟ್ಟಿದ್ದ. ಚಿನ್ನಮ್ಮ ಅದನ್ನು ಹೊತ್ತು ತಂದು ಮುರುಗೇಶಪ್ಪನವರ ಮುಂದೆ ಇಟ್ಟಳು. ಬೇರೆ ಹಲಗೆ ಸಿಗುತ್ತಿತ್ತು; ಅಪ್ಪ ಎತ್ತಿಟ್ಟ ಹಲಗೆ ಎಲ್ಲಿ ಸಿಗುತ್ತದೆ?

ದಸರಾ ಮುಗಿದ ಮೇಲೆ ಕೀಸಲು ಕೂತರೆ ಮಿಷನ್ ಮುಷ್ಕರ ಹೂಡಿತು. ಹಲಗೆ ಗೇಣುದ್ದ ಒಳಗೆ ಹೋಗುವುದು, ಅಲ್ಲೇ ನಿಲ್ಲುವುದು. ಬ್ಲೇಡು ಸುಮ್ಮನೆ ಅಲ್ಲೇ ತಿರುಗಿ ಹಲಗೆಯ ಮೇಲೊಂದು ಕಪ್ಪು ಬರೆ ಎಳೆಯಿತು.

ಮುರುಗೇಶಪ್ಪನವರು ಬ್ಲೇಡು ಸಾಣೆ ಹಿಡಿದರು. ಬೆಲ್ಟ್ ಬಿಗಿ ಮಾಡಿದರು. ಕರೆಂಟಿಗೆ ಬೈದರು.

"ಭುಜ ನೆಟ್ಟಗಿದ್ದಿದ್ರೆ ಕೈಯಲ್ಲೇ ಕೀಸಿ ಕೊಡ್ತಿದ್ದೆ, ತಂಗಿ."

"ಕೈಯಲ್ಲಿ ಅನ್ನ ಕಲಸಿಕೊಳ್ಳಿ, ಸಾಕು," ಅಂದಳು ಪುಷ್ಪಮ್ಮ.

ಚಿನ್ನಮ್ಮ ರವಿಕೆ ಹೊಲಿಯುವವಳು. ಹೊಲಿಗೆ ಮಿಷನ್ನಿನ ಚಕ್ರ ತಿರುಗಿದರೂ ಬಟ್ಟೆ ಮುಂದೆ ಹೋಗದ ದಿನಗಳನ್ನು ಕಂಡವಳು. ಸ್ವಿಚ್ಚು ಆರಿಸಿ ಪ್ಲಗ್ ಕೀಳಿಸಿ, ರೋಲರಿನ ಮೇಲೆ ಬೆರಳಾಡಿಸಿದಳು. ಬೆರಳು ಜಾರಿತು.

"ಅಣ್ಣಾ, ಆಯುಧಪೂಜೆಗೆ ಇದಕ್ಕೇನ್ ಮಾಡಿದ್ರಿ?"

"ಮತ್ತೆ? ಫ್ಯಾಕ್ಟರೀಲಿ ಮಾಡಿದ ಹಾಗೇ! ತಲೆಯಿಂದ ಕಾಲಿನ ತನಕ ಎಣ್ಣೆ ಹಚ್ಚಿ, ಫಳಫಳ ಅನ್ನಿಸಿ, ಆಮೇಲೆ ಕುಂಕುಮ ಇಟ್ಟೆ."

"ರೋಲರ್ಗೂ?"

"ಅದೇನ್ ಮಲತಾಯಿ ಮಗುನಾ, ಬಿಡಕ್ಕೆ?"

"ಎಣ್ಣೆ ಹಚ್ಚಿದ ಕೈಯಲ್ಲಿ ಹಲಗೆ ಹೆಂಗ್ ಹಿಡಿಯುತ್ತೆ ಅದು?"

ಪುಷ್ಪಮ್ಮ ನಕ್ಕು ನಕ್ಕು ಬಾಗಿಲಿಗೆ ಆತುಕೊಂಡಳು. ಮೂವರೂ ಸೇರಿ ರೋಲರುಗಳಿಗೆ ಒಣ ಸೀಗೆಪುಡಿ ತಿಕ್ಕಿ, ಹಳೇ ಪಂಚೆಯಲ್ಲಿ ಒರೆಸಿ, ಎಣ್ಣೆಸ್ನಾನ ಮುಗಿಸಿದರು. ಹಲಗೆ ಜಾರಬೇಕಾದ ಕೆಳಗಿನ ಕಬ್ಬಿಣದ ತಟ್ಟೆಗೆ ಮಾತ್ರ ಮೇಣದಬತ್ತಿ ಉಜ್ಜಿದರು. ಮಿಷನ್ ಹಲಗೆಯನ್ನು ಗಬಕ್ಕನೆ ಎಳೆದುಕೊಂಡಿತು. ಎರಡು ಸಲ ಕೀಸುವಷ್ಟರಲ್ಲಿ ಕಪ್ಪು ಬರೆ ಹೋಗಿ, ಹಲಸಿನ ಅರಿಶಿನ ಬಣ್ಣ ಎದ್ದು ಬಂತು. ಮುರುಗೇಶಪ್ಪನವರು ಮೊದಲು ಚಿನ್ನಮ್ಮನ ಕೈಗೆ ಕೊಟ್ಟರು. ಅವಳು ಕೆನ್ನೆಗೆ ಹಚ್ಚಿಕೊಂಡಳು.

ಮಧುಶ್ರೀಯ ಮದುವೆಯಾದ ಮೇಲೆ ಮುರುಗೇಶಪ್ಪ, ಪುಷ್ಪಮ್ಮ ತಮ್ಮ ಮಗಳ ಊರು ಆಯನೂರಿಗೆ ಹೋಗಿ ನೆಲೆಸಿದರು. ಮುರುಗೇಶಪ್ಪನವರು ಅಲ್ಲೇ ತೀರಿಕೊಂಡರು. ಅವರು ಚಿನ್ನಮ್ಮನನ್ನು ಕಡೆಯದಾಗಿ ಏನಾದರೂ ಕೇಳಿಕೊಂಡಿದ್ದು ಆ ಮದುವೆ ಮನೆಯಲ್ಲೇ. ಧಾರೆಯೆರೆಯಲು ಚಿನ್ನಮ್ಮನ ಒಡಹುಟ್ಟಿದ ಅಣ್ಣ, ಅತ್ತಿಗೆ ಇದ್ದರು. ಗಂಡ ಇಲ್ಲದವಳು ಮುಂದೆ ಹೋಗಬಾರದೆಂದು ಚಿನ್ನಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು. ವಾಲಗ ಜೋರಾಯಿತು, ಮಧುಶ್ರೀ ಹಸೆಮಣೆಯ ಮೇಲೆ ಕೂತಳು. ಮುರುಗೇಶಪ್ಪನವರು ಜನರನ್ನು ಸರಿಸಿಕೊಂಡು ಓಡಿಬಂದರು.

"ಇಲ್ಲೇನ್ ಮಾಡ್ತಿದೀಯ ಮಾರಾಯ್ತಿ? ಮಂಟಪಕ್ಕೆ ಹೋಗು. ಮಣೆ ಅಲ್ಲಾಡ್ತದಾ ನೋಡಿ ಬಂದು ಹೇಳು ನಂಗೆ."